ಚೆಂದದ ಮರಿಯೇ ಮೊದಲು ಸಾಯುವುದೇಕೆ?

ಚೆನ್ನೈನ ರಾಯಪುರಂನಲ್ಲಿ ನೆಲೆಸಿರುವ ಕನ್ನಡದ ಓದುಗರೊಬ್ಬರು ಊರಿನ ಚಿಂತೆಯೊಂದನ್ನು ಬರೆದು ಕಳಿಸಿದ್ದಾರೆ. ಕೊಡಗಿನಲ್ಲಿ ಅವರ ಅಣ್ಣ ಕಾಫಿ ತೋಟದ ಪಕ್ಕದಲ್ಲೇ ಹಂದಿ ಸಾಕುತ್ತಾರೆ. ಗೂಡಿಗೆ ಸಿಮೆಂಟ್ ನೆಲ ಹಾಕಿಸಿದ ಮೇಲೆ ಹುಟ್ಟಿದ ಮರಿಗಳಿಗೆ ಎರಡೇ ವಾರದಲ್ಲಿ ಏದುಸಿರು ಶುರುವಾಯಿತು. ಆ ಸೂಲಿನಲ್ಲಿ ಎಲ್ಲಕ್ಕಿಂತ ದುಂಡಗಿದ್ದ, ಬಂದವರೆಲ್ಲ ಹೊಗಳಿ ಹೋಗಿದ್ದ ಮರಿ ಒಂದು ಬೆಳಿಗ್ಗೆ ಸತ್ತು ಬಿದ್ದಿತ್ತು. ಮನೆಯ ಹಿರಿಯರು ‘ದೃಷ್ಟಿ ತಾಗಿತು’ ಎಂದರು. ಅಣ್ಣ ‘ನ್ಯುಮೋನಿಯಾ’ ಎಂದುಕೊಂಡು ಪೆನ್ಸಿಲಿನ್ ಹುಡುಕಿ ಹೊರಟರು. ಯಾರ ಮಾತು ಸರಿ ಎಂಬುದು ಓದುಗರ ಪ್ರಶ್ನೆ.

ಪತ್ರದಲ್ಲಿರುವ ವಿವರಗಳೆಲ್ಲ ಬೇರೊಂದು ಕಡೆಗೆ ಬೆರಳು ತೋರಿಸುತ್ತವೆ: ಮರಿಯ ರಕ್ತದ ಕಡೆಗೆ.

ಹಂದಿಮರಿ ಹುಟ್ಟುವಾಗ ಒಂದೂವರೆ ಕಿಲೋ ಕೂಡ ತೂಗುವುದಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ತೂಕ ಇಮ್ಮಡಿಯಾಗುತ್ತದೆ, ಮೂರು ವಾರಕ್ಕೆ ನಾಲ್ಕು ಪಟ್ಟು. ಮನುಷ್ಯರ ಮಗುವಿನ ತೂಕ ಇಮ್ಮಡಿಯಾಗಲು ಸುಮಾರು ಐದು ತಿಂಗಳು ಬೇಕು ಎಂಬುದನ್ನು ನೆನೆದರೆ ಈ ಓಟದ ವೇಗ ಅರ್ಥವಾದೀತು. ಮೈ ಬೆಳೆದಷ್ಟೂ ರಕ್ತ ಬೇಕು, ರಕ್ತಕ್ಕೆ ಕಬ್ಬಿಣ ಬೇಕು. ಮರಿ ಹುಟ್ಟುವಾಗ ತರುವ ಕಬ್ಬಿಣದ ದಾಸ್ತಾನು ಸುಮಾರು 50 ಮಿಲಿಗ್ರಾಂ. ದಿನದ ಖರ್ಚು ಏಳು ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು. ತಾಯಿಯ ಹಾಲಿನಿಂದ ಸಿಗುವುದು ದಿನಕ್ಕೆ ಒಂದೇ ಮಿಲಿಗ್ರಾಂನಷ್ಟು. ಲೆಕ್ಕ ಹಾಕಿ ನೋಡಿ, ಒಂದು ವಾರ ಕಳೆದು ಒಂದೆರಡು ದಿನಕ್ಕೆ ಉಗ್ರಾಣ ಖಾಲಿ. ತಾಯಿ ಹಂದಿಗೆ ಎಷ್ಟೇ ಟಾನಿಕ್ ಕುಡಿಸಿದರೂ ಹಾಲಿನ ಕಬ್ಬಿಣಾಂಶ ಹೇಳಿಕೊಳ್ಳುವಷ್ಟು ಏರುವುದಿಲ್ಲ.

ರಕ್ತದಲ್ಲಿ ಕಬ್ಬಿಣ ಇಳಿದರೆ ಆಮ್ಲಜನಕ ಹೊರುವ ಶಕ್ತಿಯೂ ಇಳಿಯುತ್ತದೆ. ಶ್ವಾಸಕೋಶ ಗಟ್ಟಿಮುಟ್ಟಾಗಿಯೇ ಇರುತ್ತದೆ, ಗಾಳಿಯೂ ಒಳಗೆ ಹೋಗುತ್ತದೆ, ಆದರೆ ಅದನ್ನು ಮೈಗೆಲ್ಲ ತಲುಪಿಸುವ ಕೆಂಪುಕಣಗಳೇ ಸಾಲುವುದಿಲ್ಲ. ಮರಿ ನಾಲ್ಕು ಹೆಜ್ಜೆ ಓಡಿದರೂ ಪಕ್ಕೆ ಜೋರಾಗಿ ಬಡಿದುಕೊಳ್ಳುತ್ತದೆ. ನೋಡಿದವರಿಗೆ ಅದು ಎದೆಯ ರೋಗದಂತೆಯೇ ಕಾಣುತ್ತದೆ. ಇನ್ನು, ಬೇಗ ಬೆಳೆಯುವ ಮರಿಯ ಖರ್ಚು ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಮೊದಲು ದಿವಾಳಿಯಾಗುವುದೂ ಅದೇ, ಒಮ್ಮೆಲೇ ಸಾಯುವುದೂ ಅದೇ. ಊರಿನವರ ಕಣ್ಣು ಆ ಮರಿಯ ಮೇಲೆ ಬಿದ್ದದ್ದು ನಿಜವಿರಬಹುದು, ಅದು ದಪ್ಪಗಿತ್ತಲ್ಲ! ಆದರೆ ಕೊಂದದ್ದು ಆ ಕಣ್ಣಲ್ಲ. ಗೂಡಿನ ಬಾಗಿಲಿಗೆ ಮೆಣಸಿನಕಾಯಿ, ನಿಂಬೆಹಣ್ಣು ಕಟ್ಟಿ ಕೂತರೆ ಉಳಿದ ಮರಿಗಳೂ ಒಂದೊಂದಾಗಿ ಅದೇ ದಾರಿ ಹಿಡಿಯುತ್ತವೆ.

ಕಾಡುಹಂದಿಯ ಮರಿಗೆ ಈ ಕಷ್ಟವಿಲ್ಲ. ಅದು ಹುಟ್ಟಿದ ಕೆಲವೇ ದಿನಕ್ಕೆ ಮೂತಿಯಿಂದ ನೆಲ ಕೆದಕಿ ಮಣ್ಣು ತಿನ್ನುತ್ತದೆ, ಕಬ್ಬಿಣ ಅಲ್ಲೇ ಸಿಗುತ್ತದೆ. ಮಣ್ಣಿನ ನೆಲದ ಹಳೆಯ ಗೂಡುಗಳಲ್ಲೂ ಹಾಗೆಯೇ ನಡೆಯುತ್ತಿತ್ತು. ಸಿಮೆಂಟ್ ಬಂದು ಕೊಳಕು ಹೋಯಿತು, ಜೊತೆಗೆ ಕಬ್ಬಿಣವೂ ಹೋಯಿತು. ಈ ಗುಟ್ಟನ್ನು ಸ್ಕಾಟ್ಲೆಂಡಿನ ವಿಜ್ಞಾನಿಗಳಾದ ಮೆಕ್‌ಗೋವನ್ ಮತ್ತು ಕ್ರೈಟನ್ 1920ರ ದಶಕದಲ್ಲೇ ಬಿಡಿಸಿದ್ದರು. 1950ರ ದಶಕದಲ್ಲಿ ಐರನ್ ಡೆಕ್ಸ್‌ಟ್ರಾನ್ ಚುಚ್ಚುಮದ್ದು ಬಂತು. ಹುಟ್ಟಿದ ಮೂರನೇ ದಿನದ ಹೊತ್ತಿಗೆ 200 ಮಿಲಿಗ್ರಾಂ ಕೊಟ್ಟರೆ ಮರಿ ಮೇವಿಗೆ ಹೊರಳುವವರೆಗೂ ಸುಧಾರಿಸುತ್ತದೆ. ಇಷ್ಟು ಅಗ್ಗದ ಮದ್ದು ಇದ್ದೂ ಮರಿಗಳು ಸಾಯುವುದು ನಿಜಕ್ಕೂ ಬೇಸರದ ಸಂಗತಿ.

ಪತ್ತೆ ಹಚ್ಚಲು ದೊಡ್ಡ ಉಪಕರಣವೇನೂ ಬೇಡ. ಬಿಳಿ ಯಾರ್ಕ್‌ಶೈರ್ ತಳಿಯ ಮರಿಯನ್ನು ಎತ್ತಿ ಕಿವಿಯನ್ನು ಬೆಳಕಿಗೆ ಹಿಡಿಯಬೇಕು. ಆರೋಗ್ಯವಂತ ಮರಿಯ ಕಿವಿ ಗುಲಾಬಿಯಾಗಿ ಹೊಳೆಯುತ್ತದೆ, ರಕ್ತನಾಳಗಳ ಜಾಲ ಎದ್ದು ಕಾಣುತ್ತದೆ. ರಕ್ತವಿಲ್ಲದ ಮರಿಯ ಕಿವಿ ಬಿಳಿಚಿಕೊಂಡಿರುತ್ತದೆ. ಕಪ್ಪು ನಾಟಿ ಮರಿಯಾದರೆ ಕೆಳರೆಪ್ಪೆಯ ಒಳಭಾಗ ಮತ್ತು ಒಸಡು ನೋಡಬೇಕು. ಏದುಸಿರಿದ್ದು ಕೆಮ್ಮಿಲ್ಲ, ಜ್ವರವಿಲ್ಲ, ಒಸಡು ಬಿಳಿಚಿದೆ ಎಂದಾದರೆ ಅನುಮಾನ ಕಬ್ಬಿಣದ ಕಡೆಗೇ ಹೋಗಬೇಕು. ಇನ್ನೊಂದು ಮಾತು: ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಸುಡುಬಿಸಿಲಿನ ಮಧ್ಯಾಹ್ನ ದೊಡ್ಡ ಹಂದಿಗಳು ಏದುಸಿರು ಬಿಟ್ಟರೆ ಅದು ರೋಗವೇ ಆಗಬೇಕಿಲ್ಲ. ಉಸಿರನ್ನು ಎಣಿಸಬೇಕಾದದ್ದು ಬೆಳಗಿನ ತಂಪಿನಲ್ಲಿ, ಮರಿ ಮಲಗಿರುವಾಗ.

ಕೆಮ್ಮು ಇದ್ದರೆ ಕತೆಯೇ ಬೇರೆ. ಅದರಲ್ಲೂ ಎಲ್ಲರೂ ಮರೆಯುವ ಅಪರಾಧಿ ಜಂತುಹುಳು. ಹಂದಿಯ ಹೊಟ್ಟೆಯ ದುಂಡುಹುಳುವಿನ ಮೊಟ್ಟೆ ಮಣ್ಣಿನಿಂದ ಮರಿಯ ಕರುಳು ಸೇರಿ ಒಡೆಯುತ್ತದೆ. ಹೊರಬಂದ ಎಳೆಹುಳು ಕರುಳಲ್ಲೇ ಉಳಿಯದೆ ಯಕೃತ್ತನ್ನು ಕೊರೆದು ದಾಟಿ, ರಕ್ತದಲ್ಲಿ ತೇಲಿ ಶ್ವಾಸಕೋಶ ಮುಟ್ಟುತ್ತದೆ. ಅಲ್ಲಿಂದ ಶ್ವಾಸನಾಳ ಹತ್ತಿ, ಕೆಮ್ಮಿನೊಂದಿಗೆ ಗಂಟಲಿಗೆ ಬಂದು, ಮರಿ ನುಂಗಿದಾಗ ಮತ್ತೆ ಕರುಳಿಗೆ ಇಳಿದು ಅಲ್ಲಿ ಬೆಳೆದು ದೊಡ್ಡದಾಗುತ್ತದೆ. ಹೊರಟ ಊರಿಗೇ ಮರಳಲು ಇಷ್ಟೊಂದು ಸುತ್ತು! ಈ ಪಯಣದ ದಿನಗಳಲ್ಲಿ ಮರಿ ಕೆಮ್ಮುತ್ತದೆ, ಏದುಸಿರು ಬಿಡುತ್ತದೆ. ಇಲ್ಲಿ ಬೇಕಾದದ್ದು ಜಂತುಹುಳುವಿನ ಔಷಧಿ, ಕೆಮ್ಮಿನ ಸಿರಪ್ ಅಲ್ಲ. ಕಬ್ಬಿಣಕ್ಕೆಂದು ಕಂಡಕಂಡ ಮಣ್ಣನ್ನು ಗೂಡಿಗೆ ಸುರಿಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ.

ಮೂರನೆಯದು ನಿಜವಾದ ನ್ಯುಮೋನಿಯಾ. ಹಾಲು ಬಿಡಿಸಿದ ಮರಿಗಳು ಮಲಗಿದಲ್ಲಿಂದ ಎದ್ದು ಓಡಿದ ಕೂಡಲೇ ಒಣಕೆಮ್ಮು ಕೆಮ್ಮುತ್ತವೆ. ತಿನ್ನುತ್ತವೆ, ಮೈ ಹತ್ತುವುದಿಲ್ಲ. ಇದರ ಹಿಂದೆ ಬಹುತೇಕ ಇರುವುದು ಮೈಕೊಪ್ಲಾಸ್ಮಾ ಹಯೋನ್ಯುಮೋನಿಯೆ ಎಂಬ ಸೂಕ್ಷ್ಮಜೀವಿ. 1965ರಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಜ್ಞಾನಿಗಳು ಬೇರೆಬೇರೆಯಾಗಿ ಇದನ್ನು ಗುರುತಿಸಿದರು. ಉಸಿರುನಾಳದ ಒಳಗೆ ಧೂಳು, ಕಫವನ್ನು ಮೇಲಕ್ಕೆ ಗುಡಿಸುತ್ತಲೇ ಇರುವ ಸೂಕ್ಷ್ಮ ರೋಮಗಳಿಗೆ ಅಂಟಿಕೊಂಡು ಇದು ಅವನ್ನು ಉದುರಿಸಿಬಿಡುತ್ತದೆ. ಕಫ ನಿಂತಲ್ಲೇ ನಿಲ್ಲುತ್ತದೆ, ಬೇರೆ ಬ್ಯಾಕ್ಟೀರಿಯಾಗಳು ಬಂದು ನೆಲೆಸುತ್ತವೆ. ಈ ಜೀವಿಗೆ ಕೋಶಭಿತ್ತಿಯೇ ಇಲ್ಲ. ಪೆನ್ಸಿಲಿನ್ ಕೆಲಸ ಮಾಡುವುದು ಕೋಶಭಿತ್ತಿ ಕಟ್ಟುವುದನ್ನು ತಡೆದು. ಹೀಗಾಗಿ ಅಣ್ಣ ತರಲು ಹೊರಟ ಮದ್ದು ರಕ್ತಹೀನತೆಗೂ ಆಗದು, ಈ ನ್ಯುಮೋನಿಯಾಕ್ಕೂ ಆಗದು. ಟೈಲೋಸಿನ್, ಟಿಯಾಮುಲಿನ್‌ನಂಥವು ಕೆಲಸ ಮಾಡುತ್ತವೆ, ಆದರೆ ಪ್ರಮಾಣ ಹೇಳಬೇಕಾದವರು ಪಶುವೈದ್ಯರು. ಅಂಗಡಿಯವರ ಸಲಹೆ ಸಾಲದು.

ಯುರೋಪಿನ ಕೆಲವು ಫಾರ್ಮುಗಳಲ್ಲಿ ಈಗ ಗೂಡಿನ ಚಾವಣಿಗೆ ಮೈಕ್ರೊಫೋನ್ ತೂಗುಹಾಕಿ, ಕೆಮ್ಮನ್ನು ಕಂಪ್ಯೂಟರಿನಿಂದ ಎಣಿಸುತ್ತಾರೆ. ಕೊಡಗಿನ ಗೂಡಿನಲ್ಲಿ ದಿನವೂ ಬೆಳಿಗ್ಗೆ ಮರಿಗಳನ್ನು ಎಬ್ಬಿಸಿ ಎರಡು ನಿಮಿಷ ಕಿವಿಗೊಟ್ಟು ನಿಂತರೂ ಬಹಳಷ್ಟು ತಿಳಿಯುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತಪ್ಪು ಸಾಮಾನ್ಯ. ಚಳಿಯೆಂದು ಗೂಡಿನ ನಾಲ್ಕೂ ಕಡೆ ಟಾರ್ಪಾಲು ಬಿಗಿಯುತ್ತಾರೆ, ಸೊಳ್ಳೆಗೆಂದು ಒಳಗೆ ಬೇವಿನ ಹೊಗೆ ಹಾಕುತ್ತಾರೆ. ಮರಿಗೆ ಬೆಚ್ಚಗಿರಬೇಕು, ನಿಜ. ಮೈಯೊಳಗೆ ಶಾಖ ಹುಟ್ಟಿಸುವ ಜೀನ್ ಒಂದನ್ನು ಹಂದಿಗಳ ವಂಶ ಕೋಟ್ಯಂತರ ವರ್ಷಗಳ ಹಿಂದೆಯೇ ಕಳೆದುಕೊಂಡಿದೆ. ಹಾಗಾಗಿ ಹುಟ್ಟಿದ ಮರಿಗೆ 32ರಿಂದ 34 ಡಿಗ್ರಿ ಶಾಖ ಬೇಕು. ಅದಕ್ಕೆ ಮೂಲೆಯಲ್ಲೊಂದು ಬಲ್ಬು, ಒಣಹುಲ್ಲು ಸಾಕು. ಗಾಳಿ ಕಟ್ಟಿದರೆ ಗಂಜಲದ ಅಮೋನಿಯಾ ತುಂಬಿಕೊಂಡು ಅದೇ ಉಸಿರುನಾಳದ ರೋಮಗಳನ್ನು ಸುಡುತ್ತದೆ. ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಕುಕ್ಕರಗಾಲಿನಲ್ಲಿ ಕೂತು ಮರಿಯ ಮೂತಿಯ ಎತ್ತರದಲ್ಲಿ ಉಸಿರೆಳೆಯಬೇಕು. ಕಣ್ಣು ಉರಿದರೆ ಟಾರ್ಪಾಲಿನ ಮೇಲ್ಭಾಗ ಬಿಚ್ಚಬೇಕು.

ರಾಯಪುರಂನ ಓದುಗರಿಗೆ ಅನುಕೂಲವೊಂದಿದೆ. 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯ ಕಾಲೇಜು ಅವರಿಗೆ ಹತ್ತಿರದ ವೇಪೇರಿಯಲ್ಲಿದೆ. ಆ ಕಾಲೇಜು ಸೇರಿರುವ ಪಶುವೈದ್ಯ ವಿಶ್ವವಿದ್ಯಾಲಯದ ಕಾಟ್ಟುಪಾಕ್ಕಂ ಕೇಂದ್ರದಲ್ಲಿ ಹಂದಿ ಸಾಕಣೆಯ ಸಂಶೋಧನೆಯೇ ನಡೆಯುತ್ತದೆ. ಒಮ್ಮೆ ಹೋಗಿ ನೋಡಿ ಬಂದರೆ ಅಣ್ಣನಿಗೆ ಹೇಳಲು ಬಹಳ ಸಿಗುತ್ತದೆ. ಅಣ್ಣ ಮಾತ್ರ ಒಂದು ವಿಷಯದಲ್ಲಿ ತಡಮಾಡಬಾರದು. ಜೋರು ಜ್ವರ ಬಂದು, ಕಿವಿ ನೀಲಿಗಟ್ಟಿ, ದೊಡ್ಡವು ಚಿಕ್ಕವು ಎನ್ನದೆ ಹಂದಿಗಳು ಸಾಲಾಗಿ ಸಾಯತೊಡಗಿದರೆ ಅದು ಕೊಡಗಿನ ನೆರೆಯ ವಯನಾಡಿನಲ್ಲಿ 2022ರಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಇರಬಹುದು. ಅದಕ್ಕೆ ಚಿಕಿತ್ಸೆಯಿಲ್ಲ. ಉಳಿದ ಹಂದಿಗಳನ್ನು ಮಾರದೆ, ಎಲ್ಲಿಗೂ ಸಾಗಿಸದೆ, ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಬೇಕು. ಪಶುವೈದ್ಯ ಸೇವೆಯ ಸಹಾಯವಾಣಿ ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಒಂದೇ: 1962.