ಬಲೆ ನೇಯದ ಜೇಡ

ಕನ್ನಡದಲ್ಲಿ ‘ಜೇಡ’ ಎಂಬ ಶಬ್ದಕ್ಕೆ ಎಂಟು ಕಾಲಿನ ಜೀವಿ ಎಂಬ ಅರ್ಥದೊಡನೆ ನೇಕಾರನೆಂಬ ಅರ್ಥವೂ ಉಂಟು. ಜೇಡರ ದಾಸಿಮಯ್ಯನ ಹೆಸರಿನಲ್ಲಿ ಉಳಿದಿರುವುದು ಈ ಎರಡನೆಯ ಅರ್ಥವೇ. ನೇಯ್ಗೆಯಿಂದಲೇ ಹೆಸರು ಪಡೆದ ಈ ಜೀವಿವರ್ಗದಲ್ಲಿ, ಬೇಟೆಗಾಗಿ ಬಲೆಯನ್ನೇ ನೇಯದ ದೊಡ್ಡದೊಂದು ಕುಟುಂಬವಿರುವುದು ಸೋಜಿಗದ ಸಂಗತಿ. ಅದು ತೋಳಜೇಡಗಳ ಕುಟುಂಬ; ಶಾಸ್ತ್ರೀಯ ನಾಮ ಲೈಕೋಸಿಡೀ. ಗ್ರೀಕ್ ಭಾಷೆಯ ‘ಲೈಕೋಸ್’ ಎಂದರೆ ತೋಳ. ಇದರ 2400ಕ್ಕೂ ಹೆಚ್ಚು ಪ್ರಭೇದಗಳು ಜಗತ್ತಿನಲ್ಲಿವೆ. ಹುಲ್ಲಿನ ಮೇಲೆ ಹಾಳೆಯಂಥ ಬಲೆ ಹಾಸುವ ಹಿಪ್ಪಾಸ ಮೊದಲಾದ ಕೆಲವನ್ನು ಬಿಟ್ಟರೆ, ಉಳಿದವು ನೆಲದ ಮೇಲೆ ಹೊಂಚಿ, ಎರಗಿ ಹಿಡಿಯುವ ಬೇಟೆಗಾರರು.

ಹಾಗೆಂದು ಇವು ನೂಲುವ ಕಲೆಯನ್ನು ಮರೆತಿಲ್ಲ. ಬಿಲವಾಸಿ ತೋಳಜೇಡವು ನೆಲವನ್ನು ಕೊಳವೆಯಾಗಿ ತೋಡಿ, ಮಣ್ಣು ಕುಸಿಯದಂತೆ ಒಳಗೋಡೆಗೆ ನೂಲಿನ ಲೇಪ ಕೊಡುತ್ತದೆ. ಕೆಲವು ಪ್ರಭೇದಗಳು ಕಸಕಡ್ಡಿಗಳನ್ನು ನೂಲಿನಿಂದ ಬಿಗಿದು, ಬಾವಿಯ ಕಟ್ಟೆಯಂತೆ ಬಾಯಿಯ ಸುತ್ತ ಅಂಚು ಕಟ್ಟುತ್ತವೆ. ಹಗಲಿನ ಬಿಸಿಲಿಗೆ ಒಳಗೆ ತಂಪು; ಇರುಳಾದರೆ ಬಿಲದ ಬಾಯಿಯೇ ಹೊಂಚುದಾಣ. ಮೂರು ಸಾಲುಗಳಲ್ಲಿರುವ ಎಂಟು ಕಣ್ಣುಗಳು ದೀಪದ ಬೆಳಕಿಗೆ ಮಿನುಗುತ್ತವೆ. ತಾಯಿ ತನ್ನ ಮೊಟ್ಟೆಗಳನ್ನು ನೂಲಿನ ಚೀಲದಲ್ಲಿಟ್ಟು ಒಡಲ ತುದಿಗೆ ಕಟ್ಟಿಕೊಂಡಿರುತ್ತದೆ. ಮರಿಗಳು ಹೊರಬಂದ ಮೇಲೆ ಕೆಲವು ದಿನ ಅವನ್ನೆಲ್ಲ ಬೆನ್ನ ಮೇಲೆ ಹೊರುತ್ತದೆ.

ಇಟಲಿಯ ತಾರಾಂತೋ ನಗರದ ಸುತ್ತಿನ ಇಂಥದೊಂದು ಜೇಡ ಕಚ್ಚಿದರೆ ಉನ್ಮಾದ ಹಿಡಿಯುವುದೆಂದೂ, ಕುಣಿದರೇ ಅದು ಇಳಿಯುವುದೆಂದೂ ಜನ ಶತಮಾನಗಳ ಕಾಲ ನಂಬಿದ್ದರು. ವಾಸ್ತವವಾಗಿ ಅದರ ಕಡಿತ ಮನುಷ್ಯನಿಗೆ ಅಪಾಯಕರವಲ್ಲ. ಹೀಗೆ ಅಪಕೀರ್ತಿಯಿಂದಾದರೂ ಆ ಜೇಡ ಪ್ರಸಿದ್ಧವಾಯಿತು. ಭಾರತದ ಬಿಲವಾಸಿಗಳಿಗೆ ಆ ಭಾಗ್ಯವೂ ಇಲ್ಲ. ಬಿ. ಕೆ. ಟಿಕಾದರ್ ಮತ್ತು ಎಂ. ಎಸ್. ಮಲ್ಹೋತ್ರಾ ಅವರು 1980ರಲ್ಲಿ ಭಾರತದ ತೋಳಜೇಡಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಲೈಕೋಸ ಜಿಯೋಟುಬಾಲಿಸ್ ಎಂಬ ಹೊಸ ಪ್ರಭೇದವನ್ನು ವರ್ಣಿಸಿದರು. ‘ಜಿಯೋ’ ಎಂದರೆ ಭೂಮಿ, ‘ಟ್ಯೂಬಸ್’ ಎಂದರೆ ಕೊಳವೆ: ಹೆಸರೇ ಭೂನಾಳವನ್ನು ಸೂಚಿಸುತ್ತದೆ. ತಜ್ಞರ ವಲಯದ ಹೊರಗೆ ಆ ಹೆಸರನ್ನು ಕೇಳಿದವರು ವಿರಳ.

ಇಂಥ ಜೀವಿಗಳ ಅಳಿವು ಉಳಿವು ಕಾಡಿನ ವಿಸ್ತಾರವೊಂದನ್ನೇ ಅವಲಂಬಿಸಿಲ್ಲ. ಅವಕ್ಕೆ ಬೇಕಾದದ್ದು ಮುಚ್ಚದ, ಅಗೆಯದ ಮಣ್ಣು. ಮುಂಬಯಿಯ ಉತ್ತರದಂಚಿನ ದಹಿಸರ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅಲ್ಲಿನ ತುಳಸಿ ಕೆರೆಯ ಬಳಿ ಹುಟ್ಟುವ ದಹಿಸರ್ ನದಿ ಬಡಾವಣೆಗಳ ನಡುವೆ ಹರಿದು ಖಾರಿಯನ್ನು ಸೇರುತ್ತದೆ. ಉದ್ಯಾನದೊಳಗೆ ದಡವೆಂದರೆ ಮಣ್ಣು ಮತ್ತು ಬಂಡೆ. ಊರೊಳಗೆ ಹಲವೆಡೆ ಕಾಂಕ್ರೀಟು ಗೋಡೆ. ನೆರೆಯಿಂದ ಮನೆಗಳಿಗೆ ರಕ್ಷಣೆ ಬೇಕೆಂಬುದು ನಿಜ. ಆದರೆ ಹಾಸುಗಲ್ಲು ಹೊದಿಸಿದ ಅಂಗಳದಲ್ಲಿ ಬಿಲ ತೋಡಲು ಜೇಡಕ್ಕೆ ಎಡೆಯಿಲ್ಲ. ಮರವನ್ನು ಕಡಿದರೆ ಬುಡವಾದರೂ ಕಾಣುತ್ತದೆ. ಬಿಲವನ್ನು ಮುಚ್ಚಿದರೆ ಅಲ್ಲೊಂದು ಮನೆಯಿತ್ತೆಂಬ ಗುರುತೂ ಉಳಿಯುವುದಿಲ್ಲ. ಗೃಹಸಂಘಗಳ ಅಂಗಳದಲ್ಲಿ ಒಂದು ಮೂಲೆಯ ಮಣ್ಣನ್ನಾದರೂ ಹಾಗೆಯೇ ಬಿಡುವುದು ಈ ಮೂಕ ನೇಕಾರರಿಗೆ ಸಲ್ಲಬೇಕಾದ ಕನಿಷ್ಠ ಔದಾರ್ಯ.