ಮೋಟಾರು ಕೊಳ್ಳುವವರ ಲೆಕ್ಕ

ದಸರೆಯ ದಿನಗಳಲ್ಲಿ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋದವರು ಅಲ್ಲಿ ಎರಡು ಬಗೆಯ ಸಂದಣಿಯನ್ನು ಕಾಣಬಹುದು. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲಿಕ್ಕೆ ನೆರೆದದ್ದು ಒಂದು. ಹೊಸ ಮೋಟಾರಿಗೆ ಮಾಲತೇಶನ ಭಂಡಾರವನ್ನು ಹಚ್ಚಿಸಲಿಕ್ಕೆ ಬಂದದ್ದು ಇನ್ನೊಂದು. ಮೊದಲನೆಯವರು ಆ ಒಂದು ಸಾಲಿನ ನುಡಿಯನ್ನು ಮಳೆಗೆ ಹಚ್ಚಿ, ಬೆಳೆಗೆ ಹಚ್ಚಿ, ರಾಜಕಾರಣಕ್ಕೂ ಹಚ್ಚಿ ನೂರು ಸಲ ತಿರುವಿ ನೋಡುವರು. ಎರಡನೆಯವರು ಮಾರಾಟದ ಅಂಗಡಿಯಲ್ಲಿ ಕೇಳಿದ ಮಾತನ್ನು ಅದರ ಕಾಲುಭಾಗದಷ್ಟು ತಿರುವಿ ನೋಡಿದ್ದರೂ ಸಾಕಿತ್ತೆಂದು ನಮಗೆ ಅನಿಸುವದುಂಟು.

2025ನೆಯ ಇಸವಿಯ ಸಪ್ಟಂಬರ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28 ಮತ್ತು ಸೆಸ್ ಇದ್ದದ್ದು ಶೇಕಡಾ 18ಕ್ಕೆ ಇಳಿಯಿತು. ಉದ್ದದಲ್ಲಿ 4 ಮೀಟರು ಮೀರದ, ಪೆಟ್ರೋಲಿನದಾದರೆ 1200 ಸಿ.ಸಿ., ಡೀಸೆಲಿನದಾದರೆ 1500 ಸಿ.ಸಿ. ಮೀರದ ಗಾಡಿಗಳಿಗೆ ಈ ರಿಯಾಯತಿಯು ದೊರೆಯಿತು. ಅದುವರೆಗೆ ಮೋಟಾರಿನ ವಿಚಾರವನ್ನೇ ಮಾಡದಿದ್ದ ಶಾಲಾ ಶಿಕ್ಷಕರು, ಕಚೇರಿಯ ಗುಮಾಸ್ತರು, ಬೀಜೋತ್ಪಾದನೆಯಿಂದ ಮತ್ತು ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರದಿಂದ ನಾಲ್ಕು ಕಾಸು ಕಂಡ ಗೃಹಸ್ಥರು ಸಹ ಈಗ ವಿಚಾರ ಮಾಡತೊಡಗಿದ್ದಾರೆ. ಇದು ತಪ್ಪೆಂದು ನಾವು ಹೇಳುವದಿಲ್ಲ. ಮುದುಕರನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ಯಬೇಕಾದಾಗ ಮನೆಯ ಮೋಟಾರು ಎಷ್ಟು ಆಸರವಾಗುವದೆಂಬದು ಅನುಭವಿಗಳಿಗೆ ಗೊತ್ತು. ಆದರೆ ಮನೆ ಮತ್ತು ಹೊಲವನ್ನು ಬಿಟ್ಟರೆ ಮಧ್ಯಮ ಸ್ಥಿತಿಯ ಸಂಸಾರವೊಂದು ಮಾಡುವ ಅತಿ ದೊಡ್ಡ ಖರೀದಿಯು ಇದೇ. ಮೇಲಾಗಿ ಇದು ಹೊಲದಂತೆ ಬೆಲೆ ಏರುವ ವಸ್ತುವಲ್ಲ.

ನಮ್ಮ ಭಾಗದಲ್ಲಿ ಕೊಳ್ಳುವವನ ಮೊದಲ ಪ್ರಶ್ನೆಯು ಯಾವಾಗಲೂ ಒಂದೇ: "ಆವರೇಜ್ ಎಷ್ಟು ಕೊಡತದ?" ಪ್ರಶ್ನೆಯು ಯೋಗ್ಯವಾದದ್ದೇ. ಸಿಗುವ ಉತ್ತರದಲ್ಲಿ ಎರಡು ಮೋಸಗಳಿರುವವು. ಅವನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಲೆಕ್ಕದ ಸ್ವಭಾವದಲ್ಲಿಯೇ ಅವು ಅಡಗಿವೆ.

ಮೊದಲನೆಯದು ಅಂಕಿಯ ಮೂಲದ್ದು. ಜಾಹೀರಾತಿನಲ್ಲಿ ಕಾಣುವ ಮೈಲೇಜು ಪುಣೆಯ ಏ.ಆರ್.ಏ.ಐ. ಮುಂತಾದ ಸಂಸ್ಥೆಗಳ ಪ್ರಯೋಗಶಾಲೆಯಲ್ಲಿ ಬಂದದ್ದು. ಅಲ್ಲಿ ಗಾಡಿಯು ರಸ್ತೆಯ ಮೇಲೆ ಓಡುವದಿಲ್ಲ. ಉರುಳೆಗಳ ಮೇಲೆ ನಿಂತಲ್ಲಿಯೇ, ಗೊತ್ತುಮಾಡಿದ ಕ್ರಮದಲ್ಲಿ ಓಡುವದು. ವೇಗವು ಗಂಟೆಗೆ 90 ಕಿಲೋಮೀಟರನ್ನು ಮೀರುವದಿಲ್ಲ. ಬಹುಕಾಲದಿಂದ ಏ.ಸಿ.ಯನ್ನು ನಿಲ್ಲಿಸಿಯೇ ಈ ಪರೀಕ್ಷೆಯನ್ನು ನಡೆಸುತ್ತ ಬರಲಾಗಿದೆ. ಗಾಡಿ-ಗಾಡಿಗಳನ್ನು ಹೋಲಿಸಲಿಕ್ಕೆ ಈ ಅಂಕಿಯು ಉಪಯುಕ್ತ. ಆದರೆ ನಡುಬೇಸಿಗೆಯಲ್ಲಿ ಐದು ಮಂದಿಯನ್ನು ಕೂಡ್ರಿಸಿಕೊಂಡು, ಏ.ಸಿ. ಹಚ್ಚಿಕೊಂಡು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗೆ 110ರ ವೇಗದಿಂದ ಬೆಂಗಳೂರಿಗೆ ಹೊರಟವನು ಅದೇ ಅಂಕಿಯನ್ನು ಬಯಸಿದರೆ ನಿರಾಶೆಯು ಖಂಡಿತ. ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುವದು. 80ರಲ್ಲಿ ಇದ್ದ ತಡೆಯು 110ರಲ್ಲಿ ಬಹುತೇಕ ಇಮ್ಮಡಿಯಾಗುವದು. ಆ ಇಮ್ಮಡಿಯನ್ನು ನೂಕುವದು ಪೆಟ್ರೋಲಿನ ಟಾಕಿಯೇ ಹೊರತು ಕಂಪನಿಯ ಜಾಹೀರಾತಲ್ಲ.

ಎರಡನೆಯ ಮೋಸವು ಇದಕ್ಕಿಂತ ಸೂಕ್ಷ್ಮವಾದದ್ದು. ಲೀಟರಿಗೆ 10 ಕಿಲೋಮೀಟರು ಓಡುವ ಗಾಡಿಯನ್ನು ಬಿಟ್ಟು 12 ಓಡುವದನ್ನು ಕೊಂಡರೆ ಹೆಚ್ಚು ಲಾಭವೋ, 20 ಓಡುವದನ್ನು ಬಿಟ್ಟು 25 ಓಡುವದನ್ನು ಕೊಂಡರೆ ಹೆಚ್ಚು ಲಾಭವೋ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಎರಡನೆಯದನ್ನೇ ತೋರಿಸುವರು. ನೂರು ಕಿಲೋಮೀಟರಿಗೆ ಲೆಕ್ಕ ಹಾಕಿ ನೋಡಿರಿ. ಮೊದಲನೆಯದರಲ್ಲಿ 10 ಲೀಟರು ಹೋಗಿ 8.3 ಲೀಟರಾಯಿತು, ಉಳಿದದ್ದು 1.7 ಲೀಟರು. ಎರಡನೆಯದರಲ್ಲಿ 5 ಹೋಗಿ 4 ಆಯಿತು. ಉಳಿದದ್ದು ಒಂದೇ ಲೀಟರು. ಈ ಭ್ರಮೆಯನ್ನು ಅಮೇರಿಕದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ವಿದ್ವಾಂಸರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಯುರೋಪದವರು 100 ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಅಳೆಯುವದು ಸುಮ್ಮನೆ ಅಲ್ಲ. ಹಾಲಿನವನ ಲೆಕ್ಕವನ್ನು ನಾವು ಲೀಟರಿನಿಂದಲೇ ಇಡುವೆವಷ್ಟೆ; ಪೆಟ್ರೋಲಿಗೂ ಹಾಗೆಯೇ ಇಟ್ಟರಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಹಿಡಿಯೋಣ. ದೇವರಗುಡ್ಡದಂಥ ಊರಲ್ಲಿದ್ದು, ವಾರಕ್ಕೆರಡು ಸಲ ರಾಣೇಬೆನ್ನೂರಿಗೆ, ತಿಂಗಳಿಗೊಮ್ಮೆ ಹಾವೇರಿಗೆ, ಆಗೊಮ್ಮೆ ಈಗೊಮ್ಮೆ ಬೀಗರೂರಿಗೆ ಹೋಗುವ ಗೃಹಸ್ಥನ ಓಡಾಟವು ವರ್ಷಕ್ಕೆ 8,000 ಕಿಲೋಮೀಟರನ್ನು ದಾಟಲಾರದು. ಅವನ ಮುಂದೆ ಎರಡು ಗಾಡಿಗಳಿವೆಯೆನ್ನಿರಿ. ಒಂದು ಲೀಟರಿಗೆ 15 ಓಡುವದು. ಇನ್ನೊಂದು 20 ಓಡುವದು, ಆದರೆ ಅದರ ಬೆಲೆ ಒಂದೂವರೆ ಲಕ್ಷ ರೂಪಾಯಿ ಹೆಚ್ಚು. ಮೊದಲನೆಯದಕ್ಕೆ ವರ್ಷಕ್ಕೆ 533 ಲೀಟರು ಬೇಕು, ಎರಡನೆಯದಕ್ಕೆ 400. ಉಳಿತಾಯವು 133 ಲೀಟರು, ಅಂದರೆ 13,300 ರೂಪಾಯಿ. ಒಂದೂವರೆ ಲಕ್ಷವು ತಿರುಗಿ ಬರಲಿಕ್ಕೆ ಹನ್ನೊಂದು ವರ್ಷಗಳು ಹಿಡಿಯುವವು. ಅಷ್ಟರಲ್ಲಿ ಗಾಡಿಯೇ ಮುದಿಯಾಗಿರುವದು.

ಆ ಒಂದೂವರೆ ಲಕ್ಷವನ್ನು ಸಾಲ ತೆಗೆದನೆಂದರೆ ಸಂಗತಿಯು ಇನ್ನೂ ಕೆಡುವದು. ಶೇಕಡಾ 9ರ ಬಡ್ಡಿಯಿಂದ ಐದು ವರ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು 3,114 ರೂಪಾಯಿ. ಬಡ್ಡಿಯೊಂದೇ ಸುಮಾರು 37 ಸಾವಿರ. ತಿಂಗಳಿಗೆ 1,100 ರೂಪಾಯಿಯ ಪೆಟ್ರೋಲು ಉಳಿಸಲಿಕ್ಕೆ 3,114 ರೂಪಾಯಿಯ ಕಂತು ಕಟ್ಟುವವನನ್ನು ಮಿತವ್ಯಯಿಯೆಂದು ಹೇಗೆ ಕರೆಯುವದು?

ಅದೇ ಗಾಡಿಯನ್ನು ಬಾಡಿಗೆಗೆ ಓಡಿಸುವವನು ಕೊಂಡನೆನ್ನಿರಿ. ವರ್ಷಕ್ಕೆ 25,000 ಕಿಲೋಮೀಟರು ಓಡಿದರೆ ಅವನಿಗೆ 417 ಲೀಟರು ಉಳಿಯುವದು. ಹೆಚ್ಚಿನ ಬೆಲೆಯು ನಾಲ್ಕು ವರ್ಷದ ಒಳಗಾಗಿ ಕೈಸೇರುವದು. ಆದ್ದರಿಂದ ನೆರೆಯವನ ಗಾಡಿಯು ಒಳ್ಳೆಯದೆಂದು ತನಗೂ ಅದೇ ಒಳ್ಳೆಯದೆನ್ನುವದು ಸಲ್ಲದು. ಎಷ್ಟು ಓಡಿಸುವೆನೆಂಬದು ಮೊದಲು. ಎಷ್ಟು ಓಡುವದೆಂಬದು ಆಮೇಲೆ.

ಡೀಸೆಲ್ ಗಾಡಿಯ ವಿಷಯವಾಗಿ ಹಳೆಯ ನಂಬಿಗೆಯು ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. 2012ರ ಸುಮಾರಿಗೆ ಪೆಟ್ರೋಲಿಗೂ ಡೀಸೆಲಿಗೂ ಬೆಲೆಯಲ್ಲಿ ಭಾರಿ ಅಂತರವಿತ್ತು. 2014ರ ಅಕ್ಟೋಬರದಲ್ಲಿ ಡೀಸೆಲಿನ ಬೆಲೆಯ ಮೇಲಣ ಸರಕಾರದ ಹಿಡಿತವು ಸಡಿಲಿತು, ಅಂತರವು ಕುಗ್ಗಿತು. 2020ರ ಏಪ್ರಿಲದಿಂದ ಬಿ.ಎಸ್. 6 ನಿಯಮವು ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಸೋಸುಕವು ಸೇರಿತು. ದೂರದ ಓಟವಿಲ್ಲದೆ ಬರಿಯ ಊರು-ಪೇಟೆಗಳ ನಡುವೆ ತಿರುಗುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುವದು. ಮಾರುತಿ ಕಂಪನಿಯವರು ಆ ವರ್ಷವೇ ಡೀಸೆಲ್ ಕಾರುಗಳನ್ನು ಕೈಬಿಟ್ಟರು. ಪೇಟೆಗೆ ಹೋಗಿ ಬರುವಷ್ಟೇ ಕೆಲಸವುಳ್ಳವರಿಗೆ ಡೀಸೆಲಿನ ಗೊಡವೆ ಬೇಡವೆಂಬದು ನಮ್ಮ ಅಭಿಪ್ರಾಯ. ಮೈಲೇಜಿನ ಆಸೆಗೆ ಗಾಡಿಯ ಗಟ್ಟಿತನವನ್ನು ಮರೆಯುವದೂ ಬೇಡ; 2023ರಲ್ಲಿ ಆರಂಭವಾದ 'ಭಾರತ್ ಎನ್‌ಕ್ಯಾಪ್' ಪರೀಕ್ಷೆಯ ನಕ್ಷತ್ರಗಳನ್ನು ಹೆದ್ದಾರಿಯ ಜನರು ಮೊದಲು ಎಣಿಸತಕ್ಕದ್ದು.

ನಮ್ಮ ಜಿಲ್ಲೆಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂಗತಿಯುಂಟು. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಗೋವಿನಜೋಳವು ಇತ್ತೀಚಿನ ವರ್ಷಗಳಲ್ಲಿ ಎಥೆನಾಲಿನ ಮುಖ್ಯ ಮೂಲಗಳಲ್ಲಿ ಒಂದಾಗಿದೆ. ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿರುವಾಗ, ಆ ಹಣದಲ್ಲಿ ಕೆಲಭಾಗವು ನಮ್ಮ ಒಕ್ಕಲಿಗನಿಗೆ ಸಲ್ಲುವದನ್ನು ನಾವು ಸ್ವಾಗತಿಸುತ್ತೇವೆ. 2025ರಲ್ಲಿ ಪೆಟ್ರೋಲಿಗೆ ಶೇಕಡಾ 20ರ ಎಥೆನಾಲ್ ಬೆರೆಸುವ ಗುರಿಯು ಕೈಗೂಡಿತು. ಆದರೆ ಎಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿಯು ಕಡಿಮೆ. ಹಳೆಯ ಬಗೆಯ ಕಾರುಗಳಲ್ಲಿ ಈ ಮಿಶ್ರಣದಿಂದ ಮೈಲೇಜು ಶೇಕಡಾ 6-7ರಷ್ಟು ಇಳಿಯುವದೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿದೆ. ಹೊಸ ಮಿಶ್ರಣಕ್ಕೆಂದೇ ಹೊಂದಿಸಿದವುಗಳಲ್ಲಿ ಇಳಿತವು 1-2ರಷ್ಟು ಮಾತ್ರ.

ಆದುದರಿಂದ ಹಳೆಯ ಗಾಡಿಯನ್ನು ಕೊಳ್ಳುವವರು ಅದು 2023ರ ಏಪ್ರಿಲದ ಹಿಂದಿನದೋ ಮುಂದಿನದೋ ಎಂದು ಕೇಳಿ, ಮಾಲಕರ ಕೈಪಿಡಿಯಲ್ಲಿ ಯಾವ ಮಿಶ್ರಣವನ್ನು ಹೇಳಿದೆಯೆಂದು ಕಣ್ಣಾರೆ ನೋಡಿ ಬೆಲೆಯನ್ನು ಮಾತಾಡಬೇಕು. ಸರಕಾರದವರಿಗೂ ನಾವು ಒಂದು ಮಾತು ಕೇಳುವೆವು. ಶಕ್ತಿಯು ಕಡಿಮೆಯಾದ ಲೀಟರಿಗೆ ಬೆಲೆಯು ಮಾತ್ರ ಕಡಿಮೆಯಾಗಲಿಲ್ಲ. ಗೋವಿನಜೋಳವನ್ನು ಬೆಳೆದವನೇ ತನ್ನ ಹಳೆಯ ಗಾಡಿಗೆ ಪೆಟ್ರೋಲು ಹಾಕಿಸುವಾಗ ನೂರಕ್ಕೆ ಆರು ರೂಪಾಯಿಯನ್ನು ಕಳೆದುಕೊಳ್ಳುತ್ತಿದ್ದಾನೆ. ಪ್ರತಿಯೊಂದು ಬಂಕಿನಲ್ಲಿ ಮಿಶ್ರಣದ ಪ್ರಮಾಣವನ್ನು ಕನ್ನಡದಲ್ಲಿ, ಬೆಲೆಯ ಪಕ್ಕದಲ್ಲಿಯೇ, ದೊಡ್ಡ ಅಕ್ಷರಗಳಿಂದ ಬರೆಯಿಸತಕ್ಕದ್ದು. ಮತ್ತು ಶಕ್ತಿಯು ಎಷ್ಟು ಇಳಿದಿದೆಯೋ ಅಷ್ಟು ಬೆಲೆಯನ್ನೂ ಇಳಿಸತಕ್ಕದ್ದು.