ಹಡಗು ಬಂದರಷ್ಟೇ ಸಾಲದು: ಕೋಸ್ಟ್ ಗಾರ್ಡ್‌ಗಳು ಬಲಗೊಳ್ಳುವುದು ಹೇಗೆ?

2025ರ ಜೂನ್ 9ರಂದು ಕೇರಳದಾಚೆಯ ಅರಬ್ಬಿ ಸಮುದ್ರದಲ್ಲಿ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಹಡಗಿನ ಮೇಲಿದ್ದದ್ದು ಸಿಂಗಾಪುರದ ಧ್ವಜ. ಹೊರಟಿದ್ದು ಕೊಲಂಬೊದಿಂದ, ಸೇರಬೇಕಿದ್ದದ್ದು ಮುಂಬೈ ಬಳಿಯ ನ್ಹಾವಾ ಶೇವಾ. ಸಿಬ್ಬಂದಿ ತೈವಾನ್, ಚೀನಾ, ಮ್ಯಾನ್ಮಾರ್ ಮತ್ತು ಇಂಡೋನೇಷ್ಯಾದವರು. 22 ಜನರಲ್ಲಿ ನಾಲ್ವರು ನಾಪತ್ತೆಯಾದರು. ಪಾರಾದ 18 ಮಂದಿಯನ್ನು ನಮ್ಮ ನೌಕಾಪಡೆಯ ‘ಸೂರತ್’ ಮಂಗಳೂರಿಗೆ ಕರೆತಂದಿತು. ಬೆಂಕಿಯೊಂದಿಗೆ ದಿನಗಟ್ಟಲೆ ಸೆಣಸಿದ್ದು ಭಾರತೀಯ ಕೋಸ್ಟ್ ಗಾರ್ಡ್.

ಸಮುದ್ರದ ಅವಘಡಕ್ಕೆ ದೇಶದ ಗಡಿ ಗೊತ್ತಿಲ್ಲ. ಯಾರ ಕಡಲಿನಲ್ಲಿ ಯಾರ ಹಡಗು ಕಷ್ಟಕ್ಕೆ ಸಿಕ್ಕೀತೋ ಹೇಳಲಾಗದು. ಹಾಗಾಗಿ ನೆರೆದೇಶದ ಕೋಸ್ಟ್ ಗಾರ್ಡ್ ಬಲವಾಗಿದ್ದರೆ ಅದು ನಮಗೂ ಒಳ್ಳೆಯದೇ. ಒಂದು ದೇಶ ಇನ್ನೊಂದಕ್ಕೆ ಗಸ್ತು ಹಡಗು ಕೊಡುವುದರ, ಸಾಲ ಕೊಡುವುದರ ಹಿಂದಿರುವುದು ಈ ಲೆಕ್ಕಾಚಾರ.

ನೌಕಾಪಡೆ ಇರುವಾಗ ಕೋಸ್ಟ್ ಗಾರ್ಡ್ ಏಕೆ?

ನೌಕಾಪಡೆಯದು ಯುದ್ಧದ ಹೊಣೆ. ಕೋಸ್ಟ್ ಗಾರ್ಡ್‌ನದು ಕಾನೂನು ಪಾಲನೆ ಮತ್ತು ರಕ್ಷಣೆಯ ಹೊಣೆ: ಕಳ್ಳಸಾಗಣೆ, ಅಕ್ರಮ ಮೀನುಗಾರಿಕೆ ತಡೆಯುವುದು, ಮುಳುಗುವ ದೋಣಿಯವರನ್ನು ಎತ್ತುವುದು, ತೈಲ ಸೋರಿಕೆ ಹರಡದಂತೆ ನೋಡಿಕೊಳ್ಳುವುದು. ವಿಶ್ವಸಂಸ್ಥೆಯ 1982ರ ಕಡಲ ಕಾನೂನು ಒಪ್ಪಂದದಂತೆ ತೀರದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ.ವರೆಗಿನ ಸಂಪತ್ತಿನ ಮೇಲೆ ಆಯಾ ದೇಶಕ್ಕೆ ಹಕ್ಕಿದೆ. ಅಷ್ಟು ದೂರ ಹೋಗಿ ವಾರಗಟ್ಟಲೆ ನಿಲ್ಲಬಲ್ಲ ಹಡಗಿಲ್ಲದಿದ್ದರೆ ಆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ವಿವಾದವಿರುವ ಜಾಗಕ್ಕೆ ಯುದ್ಧನೌಕೆ ಕಳಿಸಿದರೆ ಬಿಗುವು ಹೆಚ್ಚುತ್ತದೆ. ಕೋಸ್ಟ್ ಗಾರ್ಡ್‌ನ ಬಿಳಿ ಹಡಗು ಹೋದರೆ ಅದು ಪೊಲೀಸ್ ಕೆಲಸವಾಗಿ ಉಳಿಯುತ್ತದೆ.

ಹಡಗು ಬರುವ ಮೂರು ದಾರಿ

ಮೊದಲನೆಯದು ಕಡಿಮೆ ಬಡ್ಡಿಯ, ದೀರ್ಘಾವಧಿಯ ಸಾಲ. ಇದಕ್ಕೆ ಫಿಲಿಪ್ಪೀನ್ಸ್ ಒಳ್ಳೆಯ ಉದಾಹರಣೆ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ದೇಶಕ್ಕೆ ಜಪಾನ್‌ನ ನೆರವು ಸಂಸ್ಥೆ ಜೈಕಾ 2013ರಲ್ಲಿ ಸುಮಾರು 1,873 ಕೋಟಿ ಯೆನ್ ಸಾಲ ಕೊಡಲು ಒಪ್ಪಿತು. ಆ ಹಣದಲ್ಲಿ 44 ಮೀಟರ್ ಉದ್ದದ 10 ಗಸ್ತು ಹಡಗುಗಳು ಬಂದವು. ಮೊದಲನೆಯದು, ‘ಟುಬ್ಬತಾಹ’, 2016ರಲ್ಲಿ ತಲುಪಿತು. ಎರಡನೇ ಹಂತದಲ್ಲಿ ಸುಮಾರು 97 ಮೀಟರ್ ಉದ್ದದ ‘ತೆರೆಸಾ ಮಗ್ಬಾನುವಾ’ ಮತ್ತು ‘ಮೆಲ್ಚೋರಾ ಅಕ್ವಿನೊ’ 2022ರಲ್ಲಿ ಸೇರಿದವು. ಅದೇ ಅಳತೆಯ ಇನ್ನೂ ಐದು ಹಡಗುಗಳಿಗಾಗಿ 2024ರ ಮೇನಲ್ಲಿ 6,438 ಕೋಟಿ ಯೆನ್ ಸಾಲಕ್ಕೆ ಸಹಿ ಬಿತ್ತು. ಮೊದಲ ಎರಡು ಹಂತಗಳ ಹಡಗು ಕಟ್ಟಿದ್ದು ಜಪಾನಿನ ಶಿಪ್‌ಯಾರ್ಡ್‌ಗಳೇ. ಹೀಗೆ ಕೊಟ್ಟ ಸಾಲ ಕೆಲಸದ ರೂಪದಲ್ಲಿ ಕೊಟ್ಟವರ ದೇಶಕ್ಕೂ ಮರಳುತ್ತದೆ.

ಎರಡನೆಯದು, ಸಾಲದ ಜೊತೆಗೆ ತಂತ್ರಜ್ಞಾನವನ್ನೂ ಕೊಡುವುದು. ಭಾರತ ವಿಯೆಟ್ನಾಂನ ಗಡಿ ಕಾವಲು ಪಡೆಗೆ 10 ಕೋಟಿ ಡಾಲರ್ ಸಾಲದಲ್ಲಿ 12 ವೇಗದ ಕಾವಲು ದೋಣಿಗಳನ್ನು ಒದಗಿಸಿತು. ಐದನ್ನು ಎಲ್ ಅಂಡ್ ಟಿ ಇಲ್ಲಿ ಕಟ್ಟಿತು; ಉಳಿದ ಏಳನ್ನು ವಿಯೆಟ್ನಾಂನ ಹೊಂಗ್ ಹಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಲಾಯಿತು. 2022ರ ಜೂನ್‌ನಲ್ಲಿ ಹಸ್ತಾಂತರವಾಯಿತು. ಒಮ್ಮೆ ತಮ್ಮ ಕೈಯಾರೆ ಏಳು ದೋಣಿ ಕಟ್ಟಿದವರಿಗೆ ಎಂಟನೆಯದನ್ನು ರಿಪೇರಿ ಮಾಡಲು ಯಾರ ಅಪ್ಪಣೆಯೂ ಬೇಡ.

ಮೂರನೆಯದು ಬಳಸಿದ ಹಡಗಿನ ಕೊಡುಗೆ. ಅಮೆರಿಕದ ಕೋಸ್ಟ್ ಗಾರ್ಡ್ 1969ರಿಂದ ದುಡಿಸಿಕೊಂಡ ‘ಮಾರ್ಗೆಂಥೋ’ 2017ರಲ್ಲಿ ವಿಯೆಟ್ನಾಂ ಪಾಲಾಯಿತು. ದೊಡ್ಡ ಹಡಗು ಬೇಗ ಕೈಗೆ ಸಿಗುತ್ತದೆ ನಿಜ, ಆದರೆ ಅದರ ಎಂಜಿನ್‌ಗಳು ಹಳೆಯವು, ಬಿಡಿಭಾಗಗಳು ಅಪರೂಪ, ಇಂಧನದ ಖರ್ಚು ಹೆಚ್ಚು.

ಹೊಸ ಹಡಗೂ ಸೋಲುವುದು ಎಲ್ಲಿ?

‘ತೆರೆಸಾ ಮಗ್ಬಾನುವಾ’ವನ್ನೇ ಹತ್ತಿರದಿಂದ ನೋಡೋಣ. ಹೆಲಿಕಾಪ್ಟರ್ ಇಳಿಯುವ ಜಾಗ, ಅದನ್ನು ನಿಲ್ಲಿಸುವ ಹ್ಯಾಂಗರ್, ಗಂಟೆಗೆ 24 ನಾಟಿಕಲ್ ಮೈಲಿಗಿಂತ ಹೆಚ್ಚಿನ ವೇಗ: ಕಾಗದದ ಮೇಲೆ ಕೊರತೆಯೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಅದನ್ನು ಚೀನಾವೂ ಹಕ್ಕು ಸಾಧಿಸುವ ಸಬೀನಾ ದಿಬ್ಬದ ಬಳಿ ಲಂಗರು ಹಾಕಿ ನಿಲ್ಲಿಸಲಾಯಿತು. ಐದು ತಿಂಗಳು ಅಲ್ಲಿಂದ ಕದಲಲಿಲ್ಲ. ಆಗಸ್ಟ್ ಕೊನೆಯಲ್ಲಿ ಚೀನಾದ ಕೋಸ್ಟ್ ಗಾರ್ಡ್ ಹಡಗಿನ ಜೊತೆ ಡಿಕ್ಕಿಯಾಯಿತು. ಚೀನಾದ ಹಡಗುಗಳ ಅಡ್ಡಿಯಿಂದ ಆಹಾರ ಸಾಮಗ್ರಿ ಸಾಕಷ್ಟು ತಲುಪದಾಯಿತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಕೆಟ್ಟಿತು. ಸಿಬ್ಬಂದಿ ಮಳೆನೀರು ಹಿಡಿದರು, ಏರ್ ಕಂಡೀಷನರ್‌ನಿಂದ ಇಳಿದ ನೀರನ್ನೂ ಕುಡಿದರು, ಗಂಜಿಯಲ್ಲಿ ವಾರಗಳನ್ನು ದೂಡಿದರು ಎಂದು ಫಿಲಿಪ್ಪೀನ್ಸ್ ಕೋಸ್ಟ್ ಗಾರ್ಡ್ ತಿಳಿಸಿತು. ಸೆಪ್ಟೆಂಬರ್ 15ರಂದು ಹಡಗು ಪ್ಯುಯೆರ್ತೊ ಪ್ರಿನ್ಸೆಸಾಕ್ಕೆ ಮರಳಿದಾಗ ಕೆಲವರನ್ನು ಸ್ಟ್ರೆಚರ್ ಮೇಲೆ ಇಳಿಸಬೇಕಾಯಿತು.

ಆಗ ಆ ಹಡಗಿಗೆ ಬರೀ ಎರಡು ವರ್ಷ. ಸಾಮಗ್ರಿಯ ಕೊರತೆಯ ಜೊತೆಗೆ ಒಂದು ನೀರಿನ ಯಂತ್ರ ಕೆಟ್ಟದ್ದೂ ಕಾರ್ಯಾಚರಣೆಯನ್ನು ಕುಗ್ಗಿಸಿತು. ಸರದಿಯ ಮೇಲೆ ಬಂದು ನಿಲ್ಲಲು ಅಷ್ಟೇ ದೊಡ್ಡ ಹಡಗುಗಳು ಸಾಕಷ್ಟಿಲ್ಲದ್ದೂ ಒಂದು ತೊಡಕು. ಒಂದು ಹಡಗು ಗಸ್ತಿನಲ್ಲಿರುವಾಗ ಇನ್ನೊಂದು ರಿಪೇರಿಯಲ್ಲಿ, ಮತ್ತೊಂದು ತರಬೇತಿಯಲ್ಲಿ ಇರಬೇಕಾಗುತ್ತದೆ. ಹೊಸ ಐದು ಹಡಗುಗಳ ಬೆಲೆ ಗೊತ್ತಾಗುವುದು ಈ ಲೆಕ್ಕದಲ್ಲಿ.

ರಿಪೇರಿಯ ಏರ್ಪಾಡಿಲ್ಲದೆ ಹಡಗು ಕೊಡುವುದು ಡಿಪೋ ಇಲ್ಲದ ಊರಿಗೆ ಹೊಸ ಬಸ್ಸು ಕೊಟ್ಟ ಹಾಗೆ. 2017ರಲ್ಲಿ ಭಾರತ ಶ್ರೀಲಂಕಾ ಕೋಸ್ಟ್ ಗಾರ್ಡ್‌ಗೆ ‘ಸುರಕ್ಷಾ’ ಹಡಗನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮುಂದಿನ ವರ್ಷಗಳಲ್ಲಿ ಅದರ ಬಿಡಿಭಾಗಗಳನ್ನು ನಮ್ಮ ಹಡಗುಗಳೇ ಒಯ್ದು ಮುಟ್ಟಿಸಿದವು. ಹಸ್ತಾಂತರದ ಫೋಟೊಗಳಷ್ಟು ಇದು ಸುದ್ದಿಯಾಗದು. ಆದರೆ ಹಡಗು ಓಡುವುದು ಇದರಿಂದ.

ಮಾಹಿತಿ ಹಂಚಿಕೆ

ಯಾವ ಹಡಗು ಎಲ್ಲಿದೆ ಎಂದು ತಿಳಿಯದೆ ಗಸ್ತು ತಿರುಗಿದರೆ ಡೀಸೆಲ್ ದಂಡ. ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನ್ ಅಥವಾ ಅದಕ್ಕಿಂತ ದೊಡ್ಡ ಹಡಗುಗಳು ತಮ್ಮ ಗುರುತು, ಸ್ಥಾನಗಳನ್ನು ಸಾರುವ ಎಐಎಸ್ ಉಪಕರಣ ಇಟ್ಟುಕೊಳ್ಳಲೇಬೇಕು. ತಪ್ಪು ಕೆಲಸಕ್ಕೆ ಹೊರಟವರು ಅದನ್ನು ಆರಿಸಿಬಿಡುತ್ತಾರೆ. ಅಂಥವರನ್ನು ಹಿಡಿಯಲು ಒಂದು ದೇಶದ ರಾಡಾರ್, ಇನ್ನೊಂದರ ಉಪಗ್ರಹ, ಮತ್ತೊಂದರ ಮೀನುಗಾರರು ಕಂಡದ್ದು ಒಂದೆಡೆ ಕೂಡಬೇಕು.

1999ರ ‘ಅಲೊಂಡ್ರಾ ರೇನ್‌ಬೋ’ ಪ್ರಕರಣ ಇದನ್ನು ಕಲಿಸಿತು. ಜಪಾನಿನವರ ಒಡೆತನದ ಆ ಹಡಗನ್ನು ಇಂಡೋನೇಷ್ಯಾ ಬಳಿ ಅಪಹರಿಸಿದ ಕಡಲ್ಗಳ್ಳರು ಸಿಬ್ಬಂದಿಯನ್ನು ತೆಪ್ಪದಲ್ಲಿ ತೇಲಿಬಿಟ್ಟು, ಹಡಗಿನ ಹೆಸರನ್ನೇ ಬದಲಿಸಿದ್ದರು. ಎಚ್ಚರಿಕೆಯ ಸಂದೇಶ ದೇಶದಿಂದ ದೇಶಕ್ಕೆ ದಾಟಿದ್ದರಿಂದಲೇ ನಮ್ಮ ಕೋಸ್ಟ್ ಗಾರ್ಡ್‌ನ ‘ತಾರಾಬಾಯಿ’ ಮತ್ತು ನೌಕಾಪಡೆಯ ‘ಪ್ರಹಾರ್’ ಅದನ್ನು ಅರಬ್ಬಿ ಸಮುದ್ರದಲ್ಲಿ ಬೆನ್ನಟ್ಟಿ ಹಿಡಿದವು. ಮರುವರ್ಷದಿಂದ ಭಾರತ–ಜಪಾನ್ ಕೋಸ್ಟ್ ಗಾರ್ಡ್‌ಗಳ ಜಂಟಿ ಕವಾಯತು ಶುರುವಾಯಿತು.

ಇಂದು ಸಿಂಗಾಪುರದಲ್ಲಿ ಕಡಲ್ಗಳ್ಳತನದ ಮಾಹಿತಿ ಹಂಚುವ ರೀಕ್ಯಾಪ್ ಕೇಂದ್ರವಿದೆ. ಗುರುಗ್ರಾಮದಲ್ಲಿ 2018ರಿಂದ ಹಿಂದೂ ಮಹಾಸಾಗರದ ಮಾಹಿತಿ ಕೇಂದ್ರವಿದೆ. 2024ರಲ್ಲಿ ಭಾರತದ 60 ಲಕ್ಷ ಡಾಲರ್ ಅನುದಾನದಿಂದ ಶ್ರೀಲಂಕಾದಲ್ಲಿ ಆರಂಭವಾದ ಕಡಲ ರಕ್ಷಣಾ ಸಮನ್ವಯ ಕೇಂದ್ರವನ್ನು ಸಜ್ಜುಗೊಳಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್.

ಸುದ್ದಿ ಓದುವಾಗ ಕೇಳಬೇಕಾದದ್ದು

ಇನ್ನು ಮುಂದೆ ‘ಇಂಥ ದೇಶಕ್ಕೆ ಗಸ್ತು ಹಡಗು ಹಸ್ತಾಂತರ’ ಎಂಬ ಸುದ್ದಿ ಕಂಡಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹತ್ತು ವರ್ಷದ ಬಿಡಿಭಾಗಕ್ಕೆ ಹಣ ಯಾರದು? ಸಿಬ್ಬಂದಿಗೆ ತರಬೇತಿ ಯಾರು, ಎಷ್ಟು ಕಾಲ ಕೊಡುತ್ತಾರೆ? ಅದನ್ನು ರಿಪೇರಿ ಮಾಡುವಷ್ಟು ದೊಡ್ಡ ಹಡಗುಕಟ್ಟೆ ಆ ದೇಶದಲ್ಲಿದೆಯೇ? ಯಾವ ಮಾಹಿತಿ ಕೇಂದ್ರದೊಂದಿಗೆ ಅದು ಬೆಸೆದುಕೊಂಡಿದೆ? ಈ ನಾಲ್ಕಕ್ಕೂ ಒಪ್ಪಂದದಲ್ಲೇ ಉತ್ತರ ಬರೆದಿದ್ದರೆ ಆ ನೆರವು ಜೀವ ಉಳಿಸುತ್ತದೆ. ಬರೆಯದಿದ್ದರೆ ಕೆಲವೇ ವರ್ಷಗಳಲ್ಲಿ ಹಡಗು ಬಂದರಿನಲ್ಲಿ ತುಕ್ಕು ಹಿಡಿಯುತ್ತದೆ, ಸಾಲದ ಕಂತು ಮಾತ್ರ ನಡೆಯುತ್ತಿರುತ್ತದೆ. ಕೊಡುವ ಭಾರತವೂ ಪಡೆಯುವ ನೆರೆಹೊರೆಯೂ ಹಡಗುಗಳ ಎಣಿಕೆಗಿಂತ ಮೊದಲು ಈ ಉತ್ತರಗಳನ್ನು ಖಚಿತಪಡಿಸಿಕೊಳ್ಳಬೇಕು.